ವಾರ್ಷಿಕೋತ್ಸವಕ್ಕೆ 12 ನಿಮಿಷ, 34 ಮಕ್ಕಳು: ಸ್ಟೇಜ್ ಮೇಲೆ ಏನು ಮಾಡಿಸಿದರೆ ಚೆನ್ನ?

ಕ್ಲಾಸ್ ಟೀಚರ್:

ಎಲ್ಲರಿಗೂ ನಮಸ್ಕಾರ. ಶಾಲೆಯ ವಾರ್ಷಿಕೋತ್ಸವದಲ್ಲಿ ನಮ್ಮ ಎಂಟನೇ ತರಗತಿಗೆ 12 ನಿಮಿಷ ಸಿಕ್ಕಿದೆ. ಮಕ್ಕಳು 34 ಜನ. ತಯಾರಿಗೆ ಒಂದು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಸಮಯ ಇದೆ. ಬಯಲಲ್ಲಿ ಸ್ಟೇಜ್, ಕತ್ತಲಾದ ಮೇಲೆ ಕಾರ್ಯಕ್ರಮ. ಎರಡು ಕೈ ಮೈಕು, ಒಂದು ಸ್ಟ್ಯಾಂಡ್ ಮೈಕು ಕೊಡುತ್ತಾರೆ. ಕಾಲರ್ ಮೈಕು ಇಲ್ಲ.

ಮಕ್ಕಳನ್ನು ಕೇಳಿದರೆ ಅರ್ಧ ಜನ ಡ್ಯಾನ್ಸ್ ಅಂತಾರೆ, ಉಳಿದವರು ಕಾಮಿಡಿ ಸ್ಕಿಟ್ ಅಂತಾರೆ. ನಾಲ್ಕೈದು ಮಕ್ಕಳು ಏನೂ ಹೇಳುವುದಿಲ್ಲ. ಒಬ್ಬ ಹುಡುಗ ಮಾತಾಡುವಾಗ ತೊದಲುತ್ತಾನೆ. ಒಬ್ಬ ಹುಡುಗಿ ಗಾಲಿಕುರ್ಚಿಯಲ್ಲಿ ಬರುತ್ತಾಳೆ. ಇವರೆಲ್ಲರಿಗೂ ನಿಜವಾದ ಕೆಲಸ ಇರಬೇಕು. ಸುಮ್ನೆ ಮರದ ವೇಷ ಹಾಕಿ ಮೂಲೆಯಲ್ಲಿ ನಿಲ್ಲಿಸುವುದು ನನಗೆ ಬೇಡ. ನೋಡುವವರು ಮನಸಾರೆ ನಗಬೇಕು. ಏನು ಮಾಡಿಸಬಹುದು ಹೇಳಿ.

ಡ್ಯಾನ್ಸ್ ಮೇಷ್ಟ್ರು:

ಮೇಡಂ, ಡ್ಯಾನ್ಸ್ ಅಂದ ತಕ್ಷಣ ಬೇಡ ಅನ್ನಬೇಡಿ. ಕೊನೆಯ ಸಾಲಿನಲ್ಲಿ ಕೂತವರಿಗೂ ಕಾಣಿಸುವುದು ಅದೇ. ಮುಖಭಾವ ಹತ್ತು ಸಾಲಿನ ಆಚೆ ಹೋಗುವುದಿಲ್ಲ, ಕೈಕಾಲು ಹೋಗುತ್ತದೆ. ಆದರೆ ರೆಕಾರ್ಡ್ ಮಾಡಿದ ಹಾಡಿಗೆ ಕುಣಿಯುವುದನ್ನು ಉಳಿದ ತರಗತಿಗಳೂ ಮಾಡುತ್ತವೆ. ಸಾಲಾಗಿ ಏಳೆಂಟು ಅಂಥವು ಬಂದರೆ ಜನ ಪಕ್ಕದವರ ಜೊತೆ ಮಾತಿಗೆ ಇಳಿಯುತ್ತಾರೆ.

ಅದಕ್ಕೆ ನನ್ನ ಸಲಹೆ: ಹಾಡೇ ಇಲ್ಲದ ಕುಣಿತ. ಚಪ್ಪಾಳೆ, ತೊಡೆ ತಟ್ಟುವುದು, ಚಿಟಿಕೆ, ನೆಲಕ್ಕೆ ಕಾಲು ಬಡಿಯುವುದು, ಇಷ್ಟರಲ್ಲೇ ತಾಳ ಕಟ್ಟಿ. ದಕ್ಷಿಣ ಆಫ್ರಿಕಾದ ಗಣಿ ಕಾರ್ಮಿಕರ ನಡುವೆ ಹುಟ್ಟಿದ ಗಂಬೂಟ್ ಕುಣಿತ ಇಂಥದ್ದೇ. ಕಾಲಲ್ಲಿದ್ದ ರಬ್ಬರ್ ಬೂಟುಗಳನ್ನೇ ಅವರು ವಾದ್ಯ ಮಾಡಿಕೊಂಡರು. 34 ಮಕ್ಕಳು ಒಟ್ಟಿಗೆ ನೆಲ ಬಡಿದರೆ ಮೈಕೂ ಬೇಡ.

ಸೌಂಡ್ ನೋಡಿಕೊಳ್ಳುವವನು:

ಮೇಷ್ಟ್ರು ಹೇಳಿದ್ದಕ್ಕೆ ಒಂದು ವಿಷಯ ಸೇರಿಸುತ್ತೇನೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ದೊಡ್ಡ ಬಯಲಿನಲ್ಲಿ 34 ಮೀಟರ್ ದೂರದ ಸ್ಪೀಕರ್ ಕೇಳಿಕೊಂಡು ಚಪ್ಪಾಳೆ ತಟ್ಟಿದರೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗುತ್ತದೆ. ಕೇಳಲು ಅಷ್ಟೇನಾ ಅನ್ನಿಸುತ್ತದೆ, ತಾಳ ಕೆಡಲು ಅಷ್ಟು ಸಾಕು. ಮಕ್ಕಳು ದೂರದ ಸ್ಪೀಕರ್ ಬಿಟ್ಟು ಪಕ್ಕದವರ ಕೈ ನೋಡಿಕೊಂಡು ತಟ್ಟಬೇಕು. ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ. ಅದರಲ್ಲಿ ಹಾಡೇ ತಡವಾಗಿ ಹೊರಗೆ ಬರುತ್ತದೆ. ವೈರ್ ಹಾಕಿ.

ಇನ್ನು ಸ್ಕಿಟ್ ವಿಷಯ. ಮೂರು ಮೈಕಿನಲ್ಲಿ 34 ಜನರ ಮಾತು ಆಗುವುದಿಲ್ಲ ಮೇಡಂ. ಏನಾಗುತ್ತದೆ ಅಂದರೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮೈಕು ದಾಟಿಸುವುದರಲ್ಲೇ ಜೋಕು ಸತ್ತುಹೋಗುತ್ತದೆ. ಕೈಯಲ್ಲಿ ಮೈಕು ಹಿಡಿದ ಮಗು ಒಂದೇ ಕೈಯಲ್ಲಿ ನಟಿಸಬೇಕಾಗುತ್ತದೆ. ಸ್ಟ್ಯಾಂಡ್ ಮೈಕು ಇಟ್ಟರೆ ಎಲ್ಲರೂ ಅದರ ಮುಂದೆ ಬಂದು ಕ್ಯೂ ನಿಲ್ಲುತ್ತಾರೆ. ನಾಟಕ ಹೋಗಿ ಭಾಷಣ ಆಗುತ್ತದೆ.

ನಾಟಕದ ಮೇಷ್ಟ್ರು:

ಸ್ಕಿಟ್ ಅನ್ನು ಪೂರ್ತಿ ಕೈಬಿಡುವ ಮುಂಚೆ ಎರಡು ಮಾತು.

ಒಂದು, ಅಳತೆ. ಮಕ್ಕಳು ಸ್ಟೇಜ್ ಮೇಲೆ ಅರ್ಥವಾಗುವಂತೆ ಮಾತಾಡಿದರೆ ನಿಮಿಷಕ್ಕೆ 100ರಿಂದ 120 ಪದ. ನಗುವಿಗೆ, ಓಡಾಟಕ್ಕೆ ಜಾಗ ಬಿಟ್ಟರೆ 12 ನಿಮಿಷಕ್ಕೆ 800 ಪದ ಧಾರಾಳ. ಶಾಲೆಗಳಲ್ಲಿ ಬರೆಯುವ ಸ್ಕಿಟ್‌ಗಳು ಇದರ ಎರಡರಷ್ಟು ಇರುತ್ತವೆ. ಆಮೇಲೆ ಮಕ್ಕಳು ಉಸಿರು ಬಿಡದೆ ಒಪ್ಪಿಸುತ್ತಾರೆ. ಜನ ನಗಲು ಶುರು ಮಾಡುವಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ. ನಗು ಏರಿ, ಇಳಿಯಲು ಶುರುವಾದಾಗ ಮುಂದಿನ ಮಾತು ಆಡಬೇಕು. ಇದನ್ನು ಪ್ರಾಕ್ಟೀಸಿನಲ್ಲೇ ಕಲಿಸಬೇಕು. ಉಳಿದ ಮಕ್ಕಳನ್ನು ಮುಂದೆ ಕೂರಿಸಿ ನಗಿಸಿ.

ಎರಡು, ಯಾರನ್ನು ನೋಡಿ ನಗುವುದು? ದಪ್ಪ ಇರುವವನು, ಕಪ್ಪು ಇರುವವಳು, ತೊದಲುವವನು, ಸೀರೆ ಉಟ್ಟ ಹುಡುಗ. ಬೇಗ ಹೊಳೆಯುವ ಜೋಕುಗಳು ಇವೇ. ನಗು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮಾರನೇ ದಿನದಿಂದ ಆ ಮಗುವಿಗೆ ಅದೇ ಹೆಸರು ಅಂಟಿಕೊಳ್ಳುತ್ತದೆ. ಶಿಕ್ಷಕರನ್ನು ಅಣಕಿಸುವುದಾದರೂ ಆ ಶಿಕ್ಷಕರಿಗೆ ಮೊದಲೇ ತೋರಿಸಿ, ಅವರೂ ನಕ್ಕರೆ ಮಾತ್ರ ಇಟ್ಟುಕೊಳ್ಳಬೇಕು. ಪರಿಸ್ಥಿತಿ ನೋಡಿ ನಗುವಂತೆ ಮಾಡಿ. ತೆರೆಯದ ಬಾಗಿಲು, ಬಿಡಿಸಿದಷ್ಟೂ ಅಂಟಿಕೊಳ್ಳುವ ಟೇಪು, ನಿಲ್ಲದ ಬಿಕ್ಕಳಿಕೆ. ಇದರಲ್ಲಿ ಯಾರಿಗೂ ನೋವಿಲ್ಲ.

ಜಾದೂ ಕಲಿಸುವವನು:

ಜಾದೂ ಯಾಕೆ ಯಾರೂ ಹೇಳಲಿಲ್ಲ? ನಾಣ್ಯ, ಇಸ್ಪೀಟು ಬೇಡ. ಬಯಲಿನಲ್ಲಿ ಅದು ಯಾರಿಗೂ ಕಾಣಿಸುವುದಿಲ್ಲ. ಹರಿದ ಪೇಪರ್ ಮತ್ತೆ ಒಂದಾಗುವುದು, ಕತ್ತರಿಸಿದ ಹಗ್ಗ ಕೂಡುವುದು, ಇವು ದೂರಕ್ಕೂ ಕಾಣಿಸುತ್ತವೆ. ಒಂದು ಎಚ್ಚರ: ಸ್ಟೇಜಿನ ಎರಡೂ ಪಕ್ಕ, ಹಿಂದೆ ಜನ ನಿಂತಿದ್ದರೆ ಎಷ್ಟೋ ಟ್ರಿಕ್‌ಗಳ ಗುಟ್ಟು ಬಯಲಾಗುತ್ತದೆ. ಮೊದಲು ಯಾರು ಎಲ್ಲಿ ಕೂರುತ್ತಾರೆ ನೋಡಿ, ಆಮೇಲೆ ಟ್ರಿಕ್ ಆರಿಸಿ.

ನನಗೆ ತುಂಬಾ ಇಷ್ಟವಾದದ್ದು ಮನಸ್ಸು ಓದುವ ಆಟ. ಒಬ್ಬಳು ಕಣ್ಣು ಕಟ್ಟಿಕೊಂಡು ಸ್ಟೇಜ್ ಮೇಲೆ, ಇನ್ನೊಬ್ಬ ಜನರ ನಡುವೆ. ಅವನು ಯಾರದೋ ವಸ್ತು ಹಿಡಿದು ಕೇಳುತ್ತಾನೆ, ಅವಳು ಹೇಳುತ್ತಾಳೆ. ಪ್ರಶ್ನೆಯ ಪದಗಳಲ್ಲೇ ಸಂಕೇತ ಅಡಗಿಸಬಹುದು. ‘ಬೇಗ ಹೇಳು’ ಅಂದರೆ ಕನ್ನಡಕ, ‘ಈಗ ಹೇಳು’ ಅಂದರೆ ಗಡಿಯಾರ, ಹೀಗೆ. ಫ್ರಾನ್ಸಿನ ರಾಬರ್ಟ್ ಹೂಡಿನ್ (1805–1871) ತನ್ನ ಮಗನ ಜೊತೆ ಇಂಥ ಆಟ ಆಡಿ ಹೆಸರು ಮಾಡಿದ. ಮೂಲತಃ ಅವನು ಗಡಿಯಾರ ಮಾಡುವವನು. ಎಂಟನೇ ತರಗತಿ ಮಕ್ಕಳು ಸಂಕೇತ ಕಟ್ಟುವುದರಲ್ಲಿ ಬಹಳ ಚುರುಕು. ಆ ವಯಸ್ಸೇ ಗುಟ್ಟು ಇಟ್ಟುಕೊಳ್ಳುವ ವಯಸ್ಸು.

ಡ್ಯಾನ್ಸ್ ಮೇಷ್ಟ್ರು:

ಚೆನ್ನಾಗಿದೆ ಸರ್, ಆದರೆ ಅದು ಇಬ್ಬರ ಆಟ. ಉಳಿದ 32 ಮಕ್ಕಳು ಏನು ಮಾಡಬೇಕು?

ಲೈಬ್ರರಿ ಟೀಚರ್:

ಕತ್ತಲಾದ ಮೇಲೆ ಕಾರ್ಯಕ್ರಮ ಅಂದಿರಲ್ಲ, ನೆರಳಾಟ ಮಾಡಿಸಿ. ಬಿಳಿ ಹತ್ತಿ ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿ, ಹಿಂದಿನಿಂದ ಒಂದೇ ದೀಪ ಬಿಡಿ. ಎರಡು ದೀಪ ಇಟ್ಟರೆ ಎರಡೆರಡು ನೆರಳು ಬೀಳುತ್ತದೆ. ಹಲವು ಬಲ್ಬ್ ಸೇರಿಸಿ ಮಾಡಿದ ಎಲ್‌ಇಡಿ ಪ್ಯಾನೆಲ್ಲಿನಲ್ಲೂ ನೆರಳಿನ ಅಂಚು ಕಲಸಿಹೋಗುತ್ತದೆ. ದೀಪದ ಹತ್ತಿರ ಹೋದಷ್ಟೂ ನೆರಳು ದೊಡ್ಡದು, ಪರದೆಯ ಹತ್ತಿರ ಬಂದಷ್ಟೂ ಮನುಷ್ಯನ ಅಳತೆ. ಒಬ್ಬ ಸಣ್ಣ ಹುಡುಗ ಎರಡು ಹೆಜ್ಜೆ ಹಿಂದೆ ಹೋದರೆ ರಾಕ್ಷಸ ಆಗುತ್ತಾನೆ. ಅಷ್ಟಕ್ಕೇ ಮಕ್ಕಳು ಕಿರುಚುತ್ತಾರೆ.

ನೆರಳಿನ ಆಟಕ್ಕೆ ಮನಸೋಲದ ದೇಶವೇ ಕಡಿಮೆ. ನಮ್ಮಲ್ಲಿ ತೊಗಲುಗೊಂಬೆ ಇದೆ. ಇಂಡೋನೇಷ್ಯಾದ ವಯಾಂಗ್, ಟರ್ಕಿಯ ಕಾರಗೋಜ್, ಚೀನಾದ ನೆರಳುಗೊಂಬೆ ಮೂರೂ ಯುನೆಸ್ಕೋ ಪಟ್ಟಿಯಲ್ಲಿವೆ. 2008, 2009, 2011ರಲ್ಲಿ ಒಂದೊಂದಾಗಿ ಸೇರಿದವು. ನಾಚಿಕೆ ಸ್ವಭಾವದ ಮಕ್ಕಳಿಗೆ ಪರದೆಯ ಹಿಂದೆ ಧೈರ್ಯ ಬರುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಬ್ಬ ಪೋಷಕಿ:

ತಾಯಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಬರುವುದೇ ನಮ್ಮ ಮಗುವಿನ ಮುಖ ನೋಡಲು. ಪರದೆಯ ಹಿಂದೆ ಪೂರ್ತಿ 12 ನಿಮಿಷ ಇಟ್ಟರೆ ಯಾವ ನೆರಳು ನಮ್ಮದು ಅಂತ ಹುಡುಕಬೇಕು. ಅಜ್ಜಿ ತಾತ ಬಂದಿರುತ್ತಾರೆ. ಮಗು ಬೆಳಕಿಗೆ ಬರಲಿ. ಒಂದು ನಿಮಿಷವಾದರೂ ಸಾಕು.

ಇನ್ನೊಂದು, ಒಬ್ಬರ ಮೇಲೆ ಒಬ್ಬರು ಹತ್ತುವ ಪಿರಮಿಡ್ ದಯವಿಟ್ಟು ಬೇಡ. ಬೆಂಕಿಯೂ ಬೇಡ. ಚಪ್ಪಾಳೆಗೋಸ್ಕರ ಕೈ ಮುರಿದುಕೊಳ್ಳುವುದು ಯಾವ ಮಗುವಿಗೂ ಬರಬಾರದು.

ಕ್ಲಾಸ್ ಟೀಚರ್:

ಎಲ್ಲ ಓದಿದೆ. ಪೋಷಕರ ಮಾತು ಮನಸ್ಸಿಗೆ ನಾಟಿತು. ಮುಖ ಕಾಣಬೇಕು, ಆದರೆ ನಾಚುವ ಮಕ್ಕಳಿಗೆ ಆಸರೆಯೂ ಬೇಕು. ಎಲ್ಲರಿಗೂ ಕೆಲಸ ಬೇಕು, ಆದರೆ ಮೈಕು ಮೂರೇ. ಇವೆಲ್ಲ ಒಂದೇ ಐಟಂನಲ್ಲಿ ಕೂಡುತ್ತವೆಯೇ ಅನ್ನಿಸುತ್ತಿದೆ.

ಹತ್ತನೇ ತರಗತಿ ವಿದ್ಯಾರ್ಥಿನಿ:

ಮೇಡಂ, ನಾನು ಹೇಳಬಹುದಾ? ನೋಡುವ ಮಕ್ಕಳ ಕಡೆಯಿಂದ ಹೇಳುತ್ತೇನೆ. ರೆಕಾರ್ಡಿಂಗ್‌ಗೆ ತುಟಿ ಆಡಿಸುವುದು ನಮಗೆ ಬೋರ್. ಮುಂದೆ ಏನಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ನಮಗೆ ಇಷ್ಟ ಆಗುವುದು ಈಗ, ಇಲ್ಲೇ, ನಮ್ಮ ಕಣ್ಣೆದುರು ನಡೆಯುವುದು. ತಪ್ಪಿಹೋಗಬಹುದು ಅನ್ನಿಸಬೇಕು. ಆಗ ಉಸಿರು ಬಿಗಿಹಿಡಿದು ನೋಡುತ್ತೇವೆ.

ನಮ್ಮ ಬೇಸಿಗೆ ಶಿಬಿರದಲ್ಲಿ ಒಂದು ಆಟ ಆಡಿಸಿದ್ದರು. ಸ್ಟೇಜಿನ ಒಂದು ಕಡೆ ಕೆಲವರು ಮಾತಿಲ್ಲದೆ ನಟಿಸುತ್ತಾರೆ. ಇನ್ನೊಂದು ಕಡೆ ಮೇಜಿನ ಮುಂದೆ ಕೂತವರು ಅದಕ್ಕೆ ಬೇಕಾದ ಸದ್ದು ಮಾಡುತ್ತಾರೆ. ಇವನು ಬಾಗಿಲು ತೆಗೆದರೆ ಅವರು ಕಿರ್ ಅನ್ನಿಸಬೇಕು. ಜನರಿಗೆ ಎರಡೂ ಕಾಣಿಸುತ್ತದೆ. ಸದ್ದು ಸ್ವಲ್ಪ ತಡವಾದರೆ ನಟ ಕಾಲೆತ್ತಿಕೊಂಡು ಹಾಗೇ ಕಾಯಬೇಕು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ನಾಟಕದ ಮೇಷ್ಟ್ರು:

ಮಗೂ, ಉತ್ತರ ನೀನೇ ಕೊಟ್ಟುಬಿಟ್ಟೆ. ಮೇಡಂ, ಇದನ್ನೇ ಮಾಡಿ. ನನಗೆ ಬೇರೆ ಅನುಮಾನವೇ ಇಲ್ಲ.

ಯಾಕೆ ಅಂದರೆ, ಮಾತಿಲ್ಲದ ನಟನೆ ದೂರಕ್ಕೂ ತಲುಪುತ್ತದೆ. ಮಾರ್ಸೆಲ್ ಮಾರ್ಸೋ 1947ರಲ್ಲಿ ಬಿಪ್ ಅನ್ನುವ ಪಾತ್ರ ಸೃಷ್ಟಿಸಿ, ಒಂದು ಮಾತೂ ಆಡದೆ ದೇಶ ದೇಶ ಸುತ್ತಿದರು. ಇನ್ನು ಸದ್ದು ಮಾಡುವವರದ್ದೂ ದೊಡ್ಡ ಕಲೆ. ಸಿನಿಮಾದಲ್ಲಿ ಹೆಜ್ಜೆ ಸಪ್ಪಳ, ಬಟ್ಟೆಯ ಸರಸರ ಎಲ್ಲ ಆಮೇಲೆ ಕೂತು ಮಾಡುವುದು. ಆ ಕೆಲಸಕ್ಕೆ ಜ್ಯಾಕ್ ಫೋಲಿ (1891–1967) ಅವರ ಹೆಸರೇ ನಿಂತಿದೆ. ಸಿನಿಮಾದಲ್ಲಿ ಆ ಕೈಗಳು ಕಾಣಿಸುವುದಿಲ್ಲ. ನೀವು ಕಾಣಿಸಿ. ಜನ ಅತ್ತ ಇತ್ತ ತಲೆ ತಿರುಗಿಸುತ್ತಲೇ ಇರಬೇಕು.

ಏನೇನು ಸಾಮಾನು? ತೆಂಗಿನ ಚಿಪ್ಪು ಎರಡು ಇದ್ದರೆ ಕುದುರೆ. ತೆಳು ತಗಡು ಹಿಡಿದು ಅಲ್ಲಾಡಿಸಿದರೆ ಗುಡುಗು. ಅಗಲ ತಟ್ಟೆಯಲ್ಲಿ ಸಣ್ಣ ಮಣಿ ಉರುಳಿಸಿದರೆ ಮಳೆ. ಊದಿದ ಬಲೂನಿನ ಮೇಲೆ ಒದ್ದೆ ಬೆರಳು ಉಜ್ಜಿದರೆ ಬಾಗಿಲು ಕಿರುಗುಟ್ಟುತ್ತದೆ. ಬಾಚಣಿಗೆಗೆ ತೆಳು ಕಾಗದ ಹಿಡಿದು ಗುನುಗಿದರೆ ಸೊಳ್ಳೆ. ಚರ್ಮದ ಕೈಗವಸು ಜೋಡಿಯನ್ನು ಪಟಪಟ ಬಡಿದರೆ ಹಕ್ಕಿ ರೆಕ್ಕೆ. ಗಾಳಿಗೆ ಹಳೆಯ ನಾಟಕ ಕಂಪನಿಗಳು ಮರದ ಪಟ್ಟಿಗಳ ಡ್ರಮ್ ಮಾಡಿ, ಮೇಲೆ ದಪ್ಪ ಬಟ್ಟೆ ಹೊದಿಸಿ ತಿರುಗಿಸುತ್ತಿದ್ದವು. ಕ್ರಾಫ್ಟ್ ಟೀಚರ್ ಇದ್ದರೆ ಅದನ್ನು ಮಕ್ಕಳೇ ಕಟ್ಟಬಹುದು. ಕಟ್ಟುವುದೇ ಅರ್ಧ ಖುಷಿ.

ಇದಕ್ಕೆ ಕತೆ ಸಣ್ಣದು ಸಾಕು. ನನಗೆ ಹೊಳೆದದ್ದು: ಒಬ್ಬನಿಗೆ ನಿದ್ದೆ ಬರುತ್ತಿಲ್ಲ. ಮಲಗುತ್ತಾನೆ, ನಲ್ಲಿ ತೊಟ್ಟಿಕ್ಕುತ್ತದೆ. ಎದ್ದು ನಿಲ್ಲಿಸುತ್ತಾನೆ. ಮಲಗುತ್ತಾನೆ, ಕಿಟಕಿ ಬಡಿದುಕೊಳ್ಳುತ್ತದೆ. ಮೂರನೇ ಸಲ ಜನ ಇನ್ನೊಂದು ಸದ್ದು ಕಾಯುತ್ತಿರುತ್ತಾರೆ, ಆಗ ಏನೂ ಬರಬಾರದು. ಅವನೇ ಗಾಬರಿಯಾಗಿ ಎದ್ದು ಕೂರಬೇಕು. ಎರಡು ಸಲ ಒಂದೇ ಥರ, ಮೂರನೇ ಸಲ ಬೇರೆ. ಹಾಸ್ಯಕ್ಕೆ ಇದು ಯಾವತ್ತೂ ಕೈಕೊಡದ ಲೆಕ್ಕ.

ಹತ್ತನೇ ತರಗತಿ ವಿದ್ಯಾರ್ಥಿನಿ:

ಸರ್, ಕೊನೆಗೆ ಅವನಿಗೆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಲಿ! ನಡೆದುಕೊಂಡು ಸದ್ದಿನ ಮೇಜಿನ ಹತ್ತಿರ ಬಂದು ಸೊಂಟದ ಮೇಲೆ ಕೈ ಇಟ್ಟು ನಿಲ್ಲಲಿ. ಅವನ ಹೆಜ್ಜೆ ಸದ್ದನ್ನೂ ಅವರೇ ಮಾಡುತ್ತಿರುತ್ತಾರೆ ಅಲ್ವಾ? ಅವನು ನಿಂತರೂ ಒಂದು ಹೆಜ್ಜೆ ಜಾಸ್ತಿ ಕೇಳಿಸಬೇಕು.

ನಾಟಕದ ಮೇಷ್ಟ್ರು:

ಅದ್ಭುತ. ಅದನ್ನೇ ಇಟ್ಟುಕೊಳ್ಳಿ.

ಡ್ಯಾನ್ಸ್ ಮೇಷ್ಟ್ರು:

ನನ್ನ ಕುಣಿಯುವ ಮಕ್ಕಳನ್ನು ಎಲ್ಲರೂ ಮರೆತಿರಿ. ಸೊಳ್ಳೆಗಳು ಅವರೇ ಆಗಲಿ. ಹನ್ನೆರಡು ಸೊಳ್ಳೆಗಳ ಹಿಂಡು, ಎರಡು ನಿಮಿಷದ ಕುಣಿತ. ಅವನು ಕೈ ಬೀಸಿದಾಗಲೆಲ್ಲ ಇಡೀ ಹಿಂಡು ಒಟ್ಟಿಗೆ ಬಗ್ಗಬೇಕು, ಮತ್ತೆ ಏಳಬೇಕು. ನಿಧಾನ ಗತಿಯಲ್ಲಿ ಒಂದು ಸಲ, ವೇಗವಾಗಿ ಒಂದು ಸಲ. ಹಾಡು ಬೇಡ, ಕಾಲ ಸಪ್ಪಳ ಮತ್ತು ಬಾಚಣಿಗೆಯ ಗುಂಯ್ ಸಾಕು. ಮುಖಕ್ಕೆ ಮುಸುಕು ಹಾಕಬೇಡಿ, ಪೋಷಕರಿಗೆ ಮುಖ ಕಾಣಲಿ.

ಲೈಬ್ರರಿ ಟೀಚರ್:

ನನ್ನ ಪರದೆಗೂ ಒಂದು ನಿಮಿಷ ಕೊಡಿ. ಅವನಿಗೆ ಕೊನೆಗೂ ನಿದ್ದೆ ಬಂದಾಗ ಕನಸು ಬೀಳಲಿ. ಕನಸಿನಲ್ಲಿ ಸೊಳ್ಳೆಯ ನೆರಳು ಅವನಿಗಿಂತ ದೊಡ್ಡದು. ದೀಪದ ಹತ್ತಿರ ರಟ್ಟಿನ ಸೊಳ್ಳೆ ಹಿಡಿದರೆ ಆಯಿತು.

ಸ್ಪೀಚ್ ಥೆರಪಿ ಓದಿದವಳು:

ತೊದಲುವ ಹುಡುಗನ ಬಗ್ಗೆ. ಮಾತಿಲ್ಲದ ನಾಟಕ ಅಂತ ಅವನನ್ನು ತಾನಾಗಿಯೇ ಮೌನದ ಕಡೆ ತಳ್ಳಬೇಡಿ. ಮೊದಲು ಅವನನ್ನೇ, ಒಬ್ಬನೇ ಇರುವಾಗ ಕೇಳಿ. ತೊದಲುವವರಲ್ಲಿ ಬಹಳ ಮಂದಿ ಹಾಡುವಾಗ ಅಥವಾ ಬೇರೆಯವರ ಜೊತೆ ಒಟ್ಟಿಗೆ ಹೇಳುವಾಗ ಸರಾಗವಾಗಿ ಮಾತಾಡುತ್ತಾರೆ. ಶುರುವಿನಲ್ಲಿ ಎಲ್ಲರೂ ಸೇರಿ ಹೇಳುವ ನಾಲ್ಕು ಸಾಲು ಇಟ್ಟರೆ ಅವನೂ ಅದರಲ್ಲಿ ಸೇರಬಹುದು. ಅವನಿಗೆ ಮುಖ್ಯ ಪಾತ್ರ ಬೇಕು ಅನ್ನಿಸಿದರೆ ಕೊಡಿ. ನಿದ್ದೆ ಬಾರದವನ ಪಾತ್ರ ಅವನೇ ಯಾಕೆ ಮಾಡಬಾರದು?

ಹಾಗೇ ಗಾಲಿಕುರ್ಚಿಯ ಹುಡುಗಿಗೆ ಸ್ಟೇಜಿಗೆ ಹತ್ತುವ ಇಳಿಜಾರು ಇದೆಯೇ ಅಂತ ಇವತ್ತೇ ನೋಡಿ. ಕಾರ್ಯಕ್ರಮದ ದಿನ ನಾಲ್ಕು ಜನ ಎತ್ತಿಕೊಂಡು ಹೋಗುವುದು ಅವಳಿಗೆ ಇಷ್ಟವಾಗದೆ ಇರಬಹುದು.

ಸೌಂಡ್ ನೋಡಿಕೊಳ್ಳುವವನು:

ಈಗ ನನ್ನ ಕೆಲಸ ಸುಲಭ ಆಯಿತು. ಮೂರೂ ಮೈಕು ಸದ್ದಿನ ಮೇಜಿಗೆ. ನಟರಿಗೆ ಒಂದೂ ಬೇಡ. ಸಾಮಾನಿಗೂ ಮೈಕಿಗೂ ಒಂದು ಗೇಣು ದೂರ ಇರಲಿ. ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಮಣಿ, ಬಲೂನಿನಂಥ ಸಣ್ಣ ಸದ್ದು ಹತ್ತಿರದ ಮೈಕಿಗೆ, ತಗಡು ದೂರದಲ್ಲಿ. ಸ್ಪೀಕರ್‌ಗಳು ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಮೈಕು ಸ್ಪೀಕರ್ ಮುಂದೆ ಬಂದರೆ ಕುಂಯ್ ಅನ್ನುತ್ತದೆ. ಆಗ ಗಾಬರಿಯಾಗಿ ಮೈಕಿನ ತಲೆಯನ್ನು ಕೈಯಿಂದ ಮುಚ್ಚಬೇಡಿ ಅಂತ ಮಕ್ಕಳಿಗೆ ಹೇಳಿ. ಮುಚ್ಚಿದರೆ ಇನ್ನೂ ಜಾಸ್ತಿ ಆಗುತ್ತದೆ.

ಮೇಜಿನ ಮೇಲೆ ಬಟ್ಟೆ ಹಾಸಿ. ಇಲ್ಲದಿದ್ದರೆ ಸಾಮಾನು ಇಡುವ ಸದ್ದೂ ಕೇಳಿಸುತ್ತದೆ. ಮೇಜಿಗೂ ಒಂದು ದೀಪ ಬೇಕು, ಜನ ನೋಡಬೇಕಲ್ಲ. ಮಿಂಚಿಗೆ ಪಟಪಟ ಹೊತ್ತುವ ಸ್ಟ್ರೋಬ್ ದೀಪ ಹಾಕಬೇಡಿ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಮಿನುಗುವ ಬೆಳಕು ಕೆಲವರಿಗೆ ಫಿಟ್ಸ್ ತರಬಹುದು. ಮಕ್ಕಳು, ಹದಿಹರೆಯದವರಲ್ಲಿ ಆ ತೊಂದರೆ ಹೆಚ್ಚು. ದೀಪ ಒಮ್ಮೆ ಹೊತ್ತಿಸಿ ಆರಿಸಿ, ತಗಡು ಅಲ್ಲಾಡಿಸಿ. ಮಿಂಚು ಮೊದಲು, ಗುಡುಗು ಆಮೇಲೆ. ಎಂಟನೇ ತರಗತಿಯವರಿಗೆ ಕಾರಣ ಗೊತ್ತೇ ಇರುತ್ತದೆ.

ಒಬ್ಬ ಪೋಷಕಿ:

ಓದುತ್ತಲೇ ನಗು ಬರುತ್ತಿದೆ. ಒಂದೇ ಕೇಳಿಕೆ: ಯಾವ ಮಗು ಯಾವ ಸದ್ದು ಮಾಡುತ್ತದೆ ಅಂತ ಮೊದಲೇ ಹೇಳಿಬಿಡಿ. ಮನೆಯಲ್ಲಿ ಸಾಮಾನು ಹುಡುಕಲು ನಮಗೂ ಇಷ್ಟ.

ಕ್ಲಾಸ್ ಟೀಚರ್:

ಇವತ್ತು ತರಗತಿಯಲ್ಲಿ ಹೇಳಿದೆ. ಇಡೀ ಪೀರಿಯಡ್ ಮಕ್ಕಳು ಕೈಗೆ ಸಿಕ್ಕಿದ್ದೆಲ್ಲ ಬಡಿದು, ಉಜ್ಜಿ ನೋಡಿದರು. ಏನೂ ಹೇಳದೆ ಇದ್ದ ಮಕ್ಕಳಲ್ಲಿ ಒಬ್ಬಳು ಕೆನ್ನೆಯೊಳಗೆ ಬೆರಳಿಟ್ಟು ಟಪ್ ಅನ್ನಿಸಿದಳು. ಥೇಟ್ ನಲ್ಲಿ ನೀರು. ಆ ಕೆಲಸ ಅವಳದೇ ಅಂತ ಎಲ್ಲರೂ ಒಪ್ಪಿದರು.

ಗಾಲಿಕುರ್ಚಿಯ ಹುಡುಗಿಯನ್ನು ಕೇಳಿದೆ. ಸದ್ದಿನ ಗುಂಪನ್ನು ನಡೆಸುವುದು ತನಗೆ ಬೇಕು ಅಂದಳು. ನಟರನ್ನು ನೋಡುತ್ತಾ ಯಾವ ಸದ್ದು ಯಾವಾಗ ಅಂತ ಕೈಸನ್ನೆ ಮಾಡುವುದು ಅವಳ ಕೆಲಸ. ನಿಜ ಹೇಳಬೇಕೆಂದರೆ ಇಡೀ ಆಟ ಅವಳ ಕೈಯಲ್ಲೇ ಇದೆ. ಸ್ಟೇಜಿನ ಪಕ್ಕ ಇಳಿಜಾರು ಇಲ್ಲ, ಹಲಗೆ ಹಾಕಿಸಲು ಇವತ್ತೇ ಕೇಳಿದ್ದೇನೆ. ತೊದಲುವ ಹುಡುಗ ಯೋಚಿಸಿ ಹೇಳುತ್ತೇನೆ ಅಂದಿದ್ದಾನೆ. ಒತ್ತಾಯ ಮಾಡುವುದಿಲ್ಲ.

ಸದ್ದಿಗೆ 13, ಸೊಳ್ಳೆಗೆ 12, ನಟನೆಗೆ ಐದು, ಪರದೆ ಮತ್ತು ದೀಪಕ್ಕೆ ನಾಲ್ಕು. 34 ಸರಿಹೋಯಿತು. ಪರದೆಯ ನಾಲ್ವರು ಕೊನೆಗೆ ದಿಂಬು ಹಿಡಿದು ಮುಂದೆ ಬರುತ್ತಾರೆ, ಪೋಷಕರಿಗೆ ಕಾಣಿಸುತ್ತಾರೆ. ಒಂದು ಅನುಮಾನ: ಕರೆಂಟ್ ಹೋದರೆ ಏನು ಮಾಡುವುದು?

ಸೌಂಡ್ ನೋಡಿಕೊಳ್ಳುವವನು:

ಮೈಕು ಇಲ್ಲದೆಯೂ ನಾಲ್ಕು ಸಲ ಪ್ರಾಕ್ಟೀಸ್ ಮಾಡಿಸಿ. ತಗಡು, ಚಿಪ್ಪು, ಕಾಲ ಸಪ್ಪಳ ಹಾಗೇ ಕೇಳಿಸುತ್ತವೆ. ಬೆರಳಿನ ಟಪ್‌ಗೆ ಇಬ್ಬರನ್ನು ಜಾಸ್ತಿ ಸೇರಿಸಿ. ದೊಡ್ಡ ಟಾರ್ಚ್ ಎರಡು ಇಟ್ಟುಕೊಳ್ಳಿ, ಒಂದು ಪರದೆಗೆ, ಒಂದು ನಟನಿಗೆ.

ನಾಟಕದ ಮೇಷ್ಟ್ರು:

12 ನಿಮಿಷ ಇದ್ದರೂ ಹತ್ತಕ್ಕೆ ಕಟ್ಟಿ ಮೇಡಂ. ನಗುವಿಗೆ ಒಂದು, ಮೇಜು ಒಳಗೆ ತಂದು ಹೊರಗೆ ಒಯ್ಯಲು ಒಂದು ನಿಮಿಷ ಬೇಕೇ ಬೇಕು. ಮೇಜು ಎತ್ತುವುದನ್ನೂ ಪ್ರಾಕ್ಟೀಸ್ ಮಾಡಿಸಿ, ಮಣಿಗಳ ತಟ್ಟೆಗೆ ಮುಚ್ಚಳ ಹಾಕಿಸಿ.